ಇಂಗ್ಲಿಷು ಬೋಧನೆಯಲ್ಲಿ ಪ್ರಯೋಗೌಚಿತ್ಯ: ಉಪಾಧ್ಯಾಯರ ಅಭಿಪ್ರಾಯಗಳ ಚರಿತ್ರೆ

೧

ಒಂದು ಭಾಷೆಯ ವ್ಯಾಕರಣವನ್ನು ತಪ್ಪಿಲ್ಲದೆ ಕಲಿತವನು ಆ ಭಾಷೆಯನ್ನು ಬಲ್ಲವನೆನಿಸುವನೆ ಎಂಬುದು ಭಾಷಾಬೋಧನೆಯಲ್ಲಿ ತೊಡಗಿದವರಿಗೆಲ್ಲ ಒಂದಲ್ಲ ಒಂದು ಸಮಯದಲ್ಲಿ ಎದುರಾಗುವ ಪ್ರಶ್ನೆ. ‘ಆ ಪುಸ್ತಕವನ್ನು ಇತ್ತ ಕೊಡು’ ಎಂಬ ವಾಕ್ಯದಲ್ಲಿ ಕರ್ತೃಕರ್ಮಕ್ರಿಯೆಗಳ ಅನ್ವಯಕ್ಕೆ ಯಾವ ಬಾಧಕವೂ ಇಲ್ಲ. ಆದರೆ ಶಿಷ್ಯನಾದವನು ಗುರುವನ್ನು ಕುರಿತು ಅದನ್ನೇ ಆಡಿದನಾದರೆ ಕೇಳಿದವರು ಅವನ ವ್ಯಾಕರಣವನ್ನು ತಿದ್ದುವುದಿಲ್ಲ. ಅವನ ನಡತೆಯನ್ನು ಹಳಿಯುತ್ತಾರೆ. ಮಾತೃಭಾಷೆಯಲ್ಲಿ ಇಂಥ ತಪ್ಪು ವಿರಳ. ಯಾರೊಡನೆ ಹೇಗೆ ಮಾತನಾಡಬೇಕೆಂಬುದನ್ನು ಮಗುವು ಮಾತಿನ ಜತೆಯಲ್ಲಿಯೇ ಮನೆಯಲ್ಲಿ ಕಲಿತಿರುತ್ತದೆ. ಪರಭಾಷೆಯನ್ನು ಪುಸ್ತಕದ ಮೂಲಕ ಕಲಿತವನಿಗೆ ಈ ಅನುಕೂಲವಿಲ್ಲ. ಅವನ ಮಾತು ವ್ಯಾಕರಣದಲ್ಲಿ ಎಷ್ಟು ಶುದ್ಧವಾಗಿರುವುದೋ ಅಷ್ಟರಮಟ್ಟಿಗೆ ಅವನು ಭಾಷೆಯನ್ನು ಪೂರ್ಣವಾಗಿ ಬಲ್ಲವನೆಂದು ಕೇಳುವವರು ಭಾವಿಸುತ್ತಾರೆ. ಆದುದರಿಂದ ಅವನ ಅನುಚಿತವಾದ ಮಾತನ್ನು ಅಜ್ಞಾನವೆಂದು ಕ್ಷಮಿಸದೆ ಅವಿನಯವೆಂದು ಎಣಿಸುತ್ತಾರೆ.

ಸಂಕೇತಗಳಿಗೂ ಅವನ್ನು ಬಳಸುವವರಿಗೂ ಇರುವ ಸಂಬಂಧವನ್ನು ವಿಚಾರಿಸುವ ಶಾಸ್ತ್ರಭಾಗಕ್ಕೆ ಅಮೆರಿಕದ ತತ್ತ್ವಜ್ಞರಾದ ಚಾರಲ್ಸ್ ಮಾರಿಸ್ ಎಂಬವರು ೧೯೩೮ರಲ್ಲಿ ‘ಪ್ರಾಗ್ಮ್ಯಾಟಿಕ್ಸ್’ ಎಂಬ ಹೆಸರನ್ನು ಕೊಟ್ಟರು. ದೇಶ, ಕಾಲ, ಕೇಳುವವನ ಸ್ಥಾನಮಾನ, ಹೇಳುವವನ ಉದ್ದೇಶ ಇವುಗಳಿಗೆ ತಕ್ಕಂತೆ ಮಾತನ್ನು ಪ್ರಯೋಗಿಸುವ ಮತ್ತು ಇತರರ ಮಾತಿನ ಉದ್ದೇಶವನ್ನು ಗ್ರಹಿಸುವ ಸಾಮರ್ಥ್ಯವನ್ನು ಈ ಲೇಖನದಲ್ಲಿ ‘ಪ್ರಯೋಗೌಚಿತ್ಯ’ ಎಂಬ ಮಾತಿನಿಂದ ವ್ಯವಹರಿಸಲಾಗಿದೆ. ಇಂಗ್ಲಿಷನ್ನು ಪರಭಾಷೆಯಾಗಿ ಕಲಿಸುವ ಉಪಾಧ್ಯಾಯರು ಈ ಸಾಮರ್ಥ್ಯವನ್ನು ಕುರಿತು ಯಾವ ಯಾವ ಕಾಲದಲ್ಲಿ ಏನೇನು ಅಭಿಪ್ರಾಯಪಟ್ಟರು, ಆ ಅಭಿಪ್ರಾಯಗಳಿಗೆ ಕಾರಣವೇನು ಎಂಬುದನ್ನು ಮುಖ್ಯವಾಗಿ ದಕ್ಷಿಣಭಾರತದ ಬೋಧನೆಯ ಚರಿತ್ರೆಯನ್ನು ಅನುಸರಿಸಿ ಪರಿಶೀಲಿಸುವುದು ಇಲ್ಲಿಯ ಉದ್ದೇಶ. ಔಚಿತ್ಯವು ಕಲಿಸತಕ್ಕ ವಸ್ತುವಲ್ಲ, ಅದು ಬಳಕೆಯಿಂದ ತಾನಾಗಿ ಬರತಕ್ಕದ್ದು ಎಂಬ ಭಾವನೆ ಉಪಾಧ್ಯಾಯವರ್ಗದಲ್ಲಿ ಬಹುಕಾಲದಿಂದ ಬೇರೂರಿದೆ. ಆದರೆ ಚರಿತ್ರೆಯನ್ನು ನೋಡಿದರೆ ಅವರು ಅದನ್ನು ಎಂದೂ ಕಲಿಸದೆ ಬಿಟ್ಟಿರಲಿಲ್ಲವೆಂಬುದೂ, ಹೆಸರಿಲ್ಲದೆ ಕಲಿಸಿದುದರಿಂದ ಒಂದೇ ಬಗೆಯ ಔಚಿತ್ಯವನ್ನು ಮಾತ್ರ ಕಲಿಸಿದರೆಂಬುದೂ ವ್ಯಕ್ತವಾಗುತ್ತದೆ.

೨

ಈ ವಿಚಾರವು ಭಾರತೀಯ ಶಾಸ್ತ್ರಗಳಿಗೆ ಹೊಸದಲ್ಲ. ಪಾಣಿನಿಯು ಅಷ್ಟಾಧ್ಯಾಯಿಯ ಮೂರನೆಯ ಅಧ್ಯಾಯದ ಮೂರನೆಯ ಪಾದದ ೧೬೧ನೆಯ ಸೂತ್ರದಲ್ಲಿ ಲಿಙ್ ಲಕಾರವು ಬರುವ ಅರ್ಥಗಳನ್ನು ಎಣಿಸುತ್ತ ವಿಧಿ, ನಿಮಂತ್ರಣ, ಆಮಂತ್ರಣ, ಅಧೀಷ್ಟ, ಸಂಪ್ರಶ್ನ, ಪ್ರಾರ್ಥನೆ ಎಂದು ಆರನ್ನು ಬೇರ್ಪಡಿಸಿದ್ದಾನೆ. ಕಾಶಿಕಾವೃತ್ತಿಯು ಇವುಗಳ ಭೇದವನ್ನು ವಿವರಿಸುತ್ತದೆ. ಕೆಲಸಕ್ಕೆ ಪ್ರೇರಿಸುವುದು ವಿಧಿ. ತಪ್ಪದೆ ನಡೆಸಬೇಕಾದ ಕರೆ ನಿಮಂತ್ರಣ. ಬರುವುದು ಬಿಡುವುದು ಕರೆಯಿಸಿಕೊಂಡವನ ಇಚ್ಛೆಗೆ ಸೇರಿದ್ದಾದರೆ ಆಮಂತ್ರಣ. ಬಾಲಕನಿಗೆ ಉಪನಯನ ಮಾಡಬೇಕೆಂದು ಆಚಾರ್ಯನನ್ನು ಕೇಳುವಂತೆ ಸತ್ಕಾರಪೂರ್ವಕವಾಗಿ ಕೇಳಿಕೊಳ್ಳುವುದು ಅಧೀಷ್ಟ. ಇವೆಲ್ಲಕ್ಕೂ ಕ್ರಿಯಾರೂಪವು ಒಂದೇ. ಮುಂದಿನ ಸೂತ್ರವು ಇದೇ ಅರ್ಥಗಳಲ್ಲಿ ಲೋಟ್ ಲಕಾರವನ್ನೂ ವಿಧಿಸುವುದರಿಂದ, ಒಂದೇ ರೂಪದಿಂದ ಹಲವು ವ್ಯವಹಾರಗಳೂ, ಒಂದೇ ವ್ಯವಹಾರಕ್ಕೆ ಒಂದಕ್ಕಿಂತ ಹೆಚ್ಚು ರೂಪಗಳೂ ಉಂಟೆಂಬುದು ಸಿದ್ಧವಾಗುತ್ತದೆ. ಮಾತನಾಡುವುದೆಂದರೆ ಒಂದು ಕಾರ್ಯವನ್ನು ಮಾಡುವುದೇ ಎಂದು ಆಕ್ಸ್‌ಫರ್ಡಿನ ಜೆ. ಎಲ್. ಆಸ್ಟಿನ್ನರು ೧೯೫೫ರಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಉಪನ್ಯಾಸಮಾಡಿ ಪ್ರತಿಪಾದಿಸಿದ ವಿಷಯಕ್ಕೆ ಈ ವಿಭಾಗವು ಬಹಳ ಸಮೀಪದ್ದು.

ಪತಂಜಲಿಯು ಮಹಾಭಾಷ್ಯದ ಮೊದಲ ಆಹ್ನಿಕದಲ್ಲಿ ವ್ಯಾಕರಣವನ್ನು ಏಕೆ ಓದಬೇಕೆಂಬುದಕ್ಕೆ ಕೊಡುವ ಪ್ರಯೋಜನಗಳಲ್ಲಿ ನಮಸ್ಕಾರಕ್ಕೆ ಪ್ರತಿಯಾಗಿ ಹೇಳುವ ಮಾತಿನಲ್ಲಿ ಹೆಸರಿನ ಕೊನೆಯ ಸ್ವರವನ್ನು ಪ್ಲುತವಾಗಿ ಉಚ್ಚರಿಸುವುದೂ ಒಂದು. ಅದನ್ನು ತಿಳಿಯದವನಿಗೆ ವಿದ್ವಜ್ಜನೋಚಿತವಾದ ಅಭಿವಾದನವು ಸಲ್ಲುವುದಿಲ್ಲ. ಇದಕ್ಕೆ ಆಧಾರವಾದ ಪಾಣಿನಿಯ ಸೂತ್ರವು ಶೂದ್ರನನ್ನು ಈ ಪ್ಲುತದಿಂದ ಹೊರಗಿಟ್ಟಿದೆ. ಹೆಂಗಸರಿಗೆ ಹೇಳುವ ಬಗೆಯೂ ಬೇರೆ. ಆದುದರಿಂದ ಔಚಿತ್ಯದ ನಿಯಮವು ಶುದ್ಧವಾದ ಭಾಷಾನಿಯಮವಲ್ಲ. ಅದರೊಳಗೆ ಆಯಾ ಸಮಾಜದ ಮೇಲುಕೀಳುಗಳು ಅಡಗಿರುತ್ತವೆ. ಈ ಸಂಗತಿಯು ಇಂಗ್ಲಿಷಿನ ವಿಷಯದಲ್ಲಿಯೂ ಮುಂದೆ ಪ್ರಕೃತವಾಗುತ್ತದೆ.

ಭರ್ತೃಹರಿಯು ವಾಕ್ಯಪದೀಯದಲ್ಲಿ ಶಬ್ದದ ಅರ್ಥವನ್ನು ನಿರ್ಣಯಿಸುವ ಸಾಧನಗಳನ್ನು ಹೇಳುವಾಗ ಪ್ರಕರಣ, ಔಚಿತ್ಯ, ದೇಶ, ಕಾಲ, ಸ್ವರ ಮೊದಲಾದುವನ್ನು ಗಣಿಸಿದ್ದಾನೆ. ಊಟದ ಹೊತ್ತಿನಲ್ಲಿ ಸೈಂಧವವನ್ನು ತಾ ಎಂದರೆ ಉಪ್ಪು, ಪ್ರಯಾಣದ ಹೊತ್ತಿನಲ್ಲಿ ಎಂದರೆ ಕುದುರೆ ಎಂಬ ಉದಾಹರಣೆ ಪಾಠಶಾಲೆಗಳಲ್ಲಿ ಪ್ರಸಿದ್ಧ. ಸೂರ್ಯನು ಮುಳುಗಿದನೆಂಬ ಒಂದೇ ವಾಕ್ಯವು ಕೇಳುವವರ ಭೇದದಿಂದ ಬೇರೆ ಬೇರೆ ವ್ಯಂಗ್ಯಾರ್ಥಗಳನ್ನು ಕೊಡುವುದನ್ನು ಮಮ್ಮಟನು ಕಾವ್ಯಪ್ರಕಾಶದಲ್ಲಿ ತೋರಿಸಿದ್ದಾನೆ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವನ್ನೇ ಕಾವ್ಯದ ಜೀವಿತವೆಂದು ಎಣಿಸಿ ಅದಕ್ಕಾಗಿ ಒಂದು ಗ್ರಂಥವನ್ನೇ ರಚಿಸಿದನು. ಆದರೆ ಈ ವಿಚಾರವೆಲ್ಲ ಸಂಸ್ಕೃತವನ್ನು ಆಗಲೇ ಬಲ್ಲವರಿಗಾಗಿ ನಡೆದುದು. ಪರದೇಶದ ಭಾಷೆಯೊಂದನ್ನು ಬಾಲಕರಿಗೆ ಕಲಿಸುವ ಸಂದರ್ಭ ಒದಗಿದಾಗ ಇದನ್ನು ಆ ಕಾರ್ಯಕ್ಕೆ ಅನ್ವಯಿಸಿಕೊಳ್ಳಲಿಲ್ಲ. ಸಂಸ್ಕೃತದ ಪಂಡಿತರೂ ಇಂಗ್ಲಿಷಿನ ಉಪಾಧ್ಯಾಯರೂ ಒಂದೇ ಶಾಲೆಯ ಎರಡು ಕೊಠಡಿಗಳಲ್ಲಿ ಕುಳಿತು ಪಾಠ ಹೇಳುತ್ತಿದ್ದರೂ ಒಬ್ಬರ ಶಾಸ್ತ್ರ ಇನ್ನೊಬ್ಬರ ಬೋಧನೆಗೆ ಒದಗಲಿಲ್ಲ.

೩

ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ೧೮೩೩ರಲ್ಲಿ ಇಂಗ್ಲಿಷು ಶಾಲೆ ಆರಂಭವಾಯಿತು. ೧೮೩೫ರಲ್ಲಿ ಮೆಕಾಲೆಯ ಟಿಪ್ಪಣಿಯಾದ ಮೇಲೆ ಸರಕಾರದ ವಿದ್ಯಾದ್ರವ್ಯವು ಇಂಗ್ಲಿಷಿನ ಕಡೆಗೆ ತಿರುಗಿತು. ೧೮೪೪ರಲ್ಲಿ ಗವರ್ನರ್ ಜನರಲ್ ಹಾರ್ಡಿಂಜನು ಇಂಗ್ಲಿಷು ವಿದ್ಯೆ ಪಡೆದವರಿಗೆ ಸರಕಾರಿ ಉದ್ಯೋಗದಲ್ಲಿ ಪ್ರಾಶಸ್ತ್ಯ ಕೊಡಬೇಕೆಂದು ನಿರ್ಣಯಿಸಿದನು. ೧೮೫೭ರಲ್ಲಿ ಕಲ್ಕತ್ತೆ, ಮುಂಬಯಿ, ಮದರಾಸುಗಳಲ್ಲಿ ವಿಶ್ವವಿದ್ಯಾಲಯಗಳು ಸ್ಥಾಪಿತವಾದುವು. ಇವುಗಳಿಂದ ಇಂಗ್ಲಿಷು ಬೋಧನೆಗೆ ಎರಡು ಉದ್ದೇಶಗಳು ಏರ್ಪಟ್ಟುವು. ಪರೀಕ್ಷೆಗಾಗಿ ಷೇಕ್ಸ್‌ಪಿಯರ್, ಮಿಲ್ಟನ್ ಮೊದಲಾದ ಕವಿಗಳನ್ನು ಓದಿಸುವುದು ಒಂದು. ಕಚೇರಿಯ ಬರವಣಿಗೆಗೆ ಹುಡುಗರನ್ನು ಅಣಿಗೊಳಿಸುವುದು ಇನ್ನೊಂದು. ಬಹುಮಂದಿ ವಿದ್ಯಾರ್ಥಿಗಳಿಗೆ ಇಂಗ್ಲಿಷರೊಡನೆ ಸಮಾನಸ್ಕಂಧರಾಗಿ ಕುಳಿತು ಮಾತನಾಡುವ ಪ್ರಸಂಗ ಜನ್ಮದಲ್ಲಿ ಬರುತ್ತಿರಲಿಲ್ಲ. ಮೇಲಧಿಕಾರಿಗೆ ಅರ್ಜಿ ಬರೆಯುವ ಪ್ರಸಂಗ ತಪ್ಪುತ್ತಿರಲಿಲ್ಲ.

ಆದುದರಿಂದ ಆ ಕಾಲದ ಉಪಾಧ್ಯಾಯರು ಪ್ರಯೋಗೌಚಿತ್ಯವನ್ನು ಕಲಿಸಲಿಲ್ಲವೆಂಬುದು ಸರಿಯಲ್ಲ. ಅವರು ಅರ್ಜಿಯ ಔಚಿತ್ಯವನ್ನು ಬಹು ಶ್ರದ್ಧೆಯಿಂದ ಕಲಿಸಿದರು. ರಜೆ ಬೇಕಾದ ಹುಡುಗನು ತಾನು ಜ್ವರದಿಂದ ನರಳುತ್ತಿರುವುದನ್ನು ತಿಳಿಸಲು ‘ಬೆಗ್’ ಎಂಬ ಕ್ರಿಯಾಪದದಿಂದ, ಅಂದರೆ ಬೇಡಿಕೊಳ್ಳುತ್ತೇನೆಂಬ ಮಾತಿನಿಂದ ಆರಂಭಿಸಬೇಕು; ಕೊನೆಯಲ್ಲಿ ತನ್ನನ್ನು ಅತ್ಯಂತ ವಿಧೇಯನಾದ ಸೇವಕನೆಂದೋ ಶಿಷ್ಯನೆಂದೋ ಹೇಳಿಕೊಂಡು ರುಜುಹಾಕಬೇಕು. ವಿಧೇಯಸೇವಕನೆಂಬ ಮುಕ್ತಾಯವು ಇಂಗ್ಲಿಷರು ತಮ್ಮತಮ್ಮೊಳಗೆ, ಮೇಲಿನವರು ಕೆಳಗಿನವರಿಗೆ ಬರೆಯುವಾಗಲೂ ಉಪಯೋಗಿಸುತ್ತಿದ್ದ ಒಂದು ರೂಢಿಯ ಮಾತು. ಅದರ ಅಕ್ಷರಾರ್ಥವನ್ನು ಅವರಲ್ಲಿ ಯಾರೂ ಲೆಕ್ಕಿಸುತ್ತಿರಲಿಲ್ಲ. ಈ ದೇಶದ ಶಾಲೆಯಲ್ಲಿ ಅದು ಅಕ್ಷರಾರ್ಥದಲ್ಲಿಯೇ ನೆಲೆನಿಂತಿತು. ಇಂಗ್ಲೆಂಡಿನಲ್ಲಿ ಆ ರೂಢಿ ಸವೆದುಹೋದ ಬಳಿಕವೂ ಇಲ್ಲಿಯ ಶಾಲೆಗಳ ರಜಾ ಅರ್ಜಿಗಳಲ್ಲಿ ಅದು ಉಳಿಯಿತು.

ಹೀಗೆ ಒಂದೇ ಸಂಬಂಧಕ್ಕೆ ಒಗ್ಗಿದ ಭಾಷೆಯನ್ನು ಬೇರೆ ಸಂಬಂಧಗಳಲ್ಲಿ ಪ್ರಯೋಗಿಸಿದಾಗ ಅಪಹಾಸ್ಯಕ್ಕೆ ಎಡೆಯಾಯಿತು. ಗೆಳೆಯನಿಗೆ ಬರೆದ ಓಲೆಯಲ್ಲಿ ಅರ್ಜಿಯ ಧಾಟಿ, ಸಾಧಾರಣ ಸಂಭಾಷಣೆಯಲ್ಲಿ ಕಾವ್ಯದ ಪದಗಳು ಬಂದುದನ್ನು ಆಂಗ್ಲರು ‘ಬಾಬು ಇಂಗ್ಲಿಷು’ ಎಂದು ಹಾಸ್ಯಮಾಡಿದರು. ೧೮೯೭ರಲ್ಲಿ ಎಫ್. ಆನ್‌ಸ್ಟಿ ಎಂಬ ಲೇಖಕನು ಬಾಬು ಜಬರ್ಜೀ ಎಂಬ ಪಾತ್ರವನ್ನು ಕಲ್ಪಿಸಿ ಒಂದು ಹಾಸ್ಯಗ್ರಂಥವನ್ನೇ ಪ್ರಕಟಿಸಿದನು. ಇಂಥ ಬರವಣಿಗೆಯಲ್ಲಿ ನಗೆಗೆ ಗುರಿಯಾದುದು ವ್ಯಾಕರಣದೋಷಕ್ಕಿಂತ ಹೆಚ್ಚಾಗಿ ಸಂದರ್ಭಕ್ಕೆ ಒಗ್ಗದ ಆಡಂಬರ. ಆ ಆಡಂಬರವು ಶಾಲೆಯಲ್ಲಿ ಓದಿಸಿದ ಗ್ರಂಥಗಳಿಂದಲೂ ಕಚೇರಿಯು ಅಪೇಕ್ಷಿಸಿದ ವಿನಯದಿಂದಲೂ ಹುಟ್ಟಿದುದೆಂಬುದನ್ನು ಹಾಸ್ಯಮಾಡಿದವರು ಗಣಿಸಲಿಲ್ಲ. ಪಾಠಕ್ರಮದ ದೋಷವು ಕಲಿತವನ ಸ್ವಭಾವದ ದೋಷವಾಗಿ ಎಣಿಕೆಗೆ ಬಂದಿತು.

೪

ಇಪ್ಪತ್ತನೆಯ ಶತಮಾನದಲ್ಲಿ ಬೋಧನಕ್ರಮವನ್ನು ಶಾಸ್ತ್ರೀಯವಾಗಿ ಏರ್ಪಡಿಸುವ ಪ್ರಯತ್ನಗಳು ನಡೆದುವು. ಬಂಗಾಳದಲ್ಲಿ ವಿದ್ಯಾಧಿಕಾರಿಯಾಗಿದ್ದ ಮೈಕೇಲ್ ವೆಸ್ಟರು ೧೯೨೬ರಲ್ಲಿ ದ್ವಿಭಾಷಾವಿಚಾರವನ್ನು ಕುರಿತ ಗ್ರಂಥವನ್ನು ಪ್ರಕಟಿಸಿ, ಹುಡುಗರಲ್ಲಿ ಬಹುಭಾಗ ನಡುವೆಯೇ ಶಾಲೆಯನ್ನು ಬಿಡುವುದರಿಂದ ಬಿಟ್ಟ ಕ್ಷಣದಲ್ಲಿಯೂ ಅವರ ಕೈಯಲ್ಲಿ ಏನಾದರೂ ಪ್ರಯೋಜನ ಉಳಿಯಬೇಕೆಂದೂ, ಅದಕ್ಕಾಗಿ ಓದುವ ಶಕ್ತಿಯನ್ನು ಮೊದಲು ಬೆಳೆಸಬೇಕೆಂದೂ ವಾದಿಸಿದರು. ಈ ವಾದವು ದಯಾಪೂರ್ಣವೂ ವ್ಯವಹಾರಸಮ್ಮತವೂ ಆದುದು. ಆದರೆ ಓದುವುದು ಮುಖ್ಯವಾದಲ್ಲಿ, ಎದುರಿಗಿರುವವನೊಡನೆ ಹೇಗೆ ಮಾತನಾಡಬೇಕೆಂಬ ಪ್ರಶ್ನೆ ಹಿಂದೆ ಬೀಳುವುದು ಸಹಜ.

ಸ್ವಾತಂತ್ರ್ಯಾನಂತರ ರಚನಾಪದ್ಧತಿಯು ಪ್ರಚಾರಕ್ಕೆ ಬಂದಿತು. ಇಂಗ್ಲಿಷಿನ ವಾಕ್ಯರಚನೆಗಳನ್ನು ಸುಲಭದಿಂದ ಕಠಿನಕ್ಕೆ ಶ್ರೇಣೀಕರಿಸಿ ಒಂದೊಂದನ್ನಾಗಿ ಬಾಯಿಪಾಠದಿಂದ ದೃಢಪಡಿಸುವುದು ಇದರ ಕ್ರಮ. ೧೯೫೮ರಲ್ಲಿ ಹೈದರಾಬಾದಿನಲ್ಲಿ ಕೇಂದ್ರ ಇಂಗ್ಲಿಷು ಸಂಸ್ಥೆಯೂ, ೧೯೬೩ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣದ ರಾಜ್ಯಗಳಿಗಾಗಿ ಪ್ರಾದೇಶಿಕ ಇಂಗ್ಲಿಷು ಸಂಸ್ಥೆಯೂ ಸ್ಥಾಪಿತವಾಗಿ ಸಾವಿರಾರು ಉಪಾಧ್ಯಾಯರಿಗೆ ತರಬೇತು ಕೊಟ್ಟುವು. ಇಂಗ್ಲಿಷನ್ನು ಕಾವ್ಯದ ಭಾರದಿಂದ ಬಿಡಿಸಿ ಹಳ್ಳಿಯ ಶಾಲೆಗೂ ನಿಲುಕುವಂತೆ ಮಾಡಿದುದು ಈ ಪದ್ಧತಿಯ ದೊಡ್ಡ ಉಪಕಾರ. ಆದರೂ ಅದರ ವಾಕ್ಯಗಳನ್ನು ಪರೀಕ್ಷಿಸಿದರೆ ಒಂದು ವಿಚಿತ್ರವು ಕಾಣುತ್ತದೆ. ಉಪಾಧ್ಯಾಯನು ಪುಸ್ತಕವನ್ನು ಎತ್ತಿ ಹಿಡಿದು ‘ಇದು ಪುಸ್ತಕವೆ?’ ಎಂದು ಕೇಳುವನು. ತಿಳಿದುದನ್ನೇ ಕೇಳುವ ಈ ಪ್ರಶ್ನೆ ಲೋಕವ್ಯವಹಾರದಲ್ಲಿಲ್ಲ. ಬಾಲಕನು ಬಾಗಿಲನ್ನು ತೆರೆಯುತ್ತ ‘ನಾನು ಬಾಗಿಲನ್ನು ತೆರೆಯುತ್ತಿದ್ದೇನೆ’ ಎನ್ನುವನು. ಕಣ್ಣೆದುರಿಗಿರುವವರಿಗೆ ಹಾಗೆ ಯಾರೂ ಹೇಳುವುದಿಲ್ಲ. ವಾಕ್ಯವು ಶುದ್ಧ, ಅದನ್ನು ಯಾರು ಯಾರಿಗೆ ಯಾವಾಗ ಏಕೆ ಹೇಳುವರೆಂಬುದಕ್ಕೆ ಉತ್ತರವಿಲ್ಲ. ಅರ್ಜಿಯ ಪಾಠದಲ್ಲಿದ್ದ ಒಂದು ಸಂಬಂಧವೂ ಇಲ್ಲಿ ಮರೆಯಾಯಿತು. ರಚನೆಯು ದೃಢವಾದ ಬಳಿಕ ಔಚಿತ್ಯವು ತಾನಾಗಿ ಬರುವುದೆಂಬ ನಂಬಿಕೆ ಉಪಾಧ್ಯಾಯರಲ್ಲಿ ಬಲವಾದುದು ಈ ಕಾಲದಲ್ಲಿಯೇ.

೫

ಈ ನಂಬಿಕೆಯನ್ನು ಅಲುಗಿಸಿದ ವಿಚಾರಗಳು ಹೊರಗಿನಿಂದ ಬಂದುವು. ಆಸ್ಟಿನ್ನರ ಉಪನ್ಯಾಸಗಳು ಅವರ ಮರಣಾನಂತರ ೧೯೬೨ರಲ್ಲಿ ಗ್ರಂಥರೂಪದಲ್ಲಿ ಪ್ರಕಟವಾದುವು. ನೋಮ್ ಚಾಮ್‌ಸ್ಕಿಯವರು ೧೯೬೫ರಲ್ಲಿ ಭಾಷಾಸಾಮರ್ಥ್ಯವನ್ನು ವ್ಯಾಕರಣಜ್ಞಾನದ ಅರ್ಥದಲ್ಲಿ ನಿರೂಪಿಸಿದಾಗ ಡೆಲ್ ಹೈಮ್ಸ್ ಎಂಬ ಮಾನವಶಾಸ್ತ್ರಜ್ಞರು ಅದನ್ನು ಆಕ್ಷೇಪಿಸಿ, ಎಂದು ಮಾತನಾಡಬೇಕು, ಎಂದು ಸುಮ್ಮನಿರಬೇಕು, ಯಾರೊಡನೆ ಏನನ್ನು ಹೇಗೆ ಹೇಳಬೇಕು ಎಂಬುದೂ ಭಾಷಾಸಾಮರ್ಥ್ಯದ ಅಂಗವೇ ಎಂದರು. ೧೯೭೨ರಲ್ಲಿ ಪ್ರಕಟವಾದ ಅವರ ಪ್ರಬಂಧವು ಬೋಧಕರಲ್ಲಿ ಪ್ರಸಿದ್ಧವಾಯಿತು. ೧೯೮೦ರಲ್ಲಿ ಕೆನಡದ ಕನೇಲ್ ಮತ್ತು ಸ್ವೇನ್ ಎಂಬ ವಿದ್ವಾಂಸರು ಇದನ್ನು ಬೋಧನೆಗೂ ಪರೀಕ್ಷೆಗೂ ಒದಗುವಂತೆ ವಿಂಗಡಿಸಿದರು. ಪೆನಿಲೋಪಿ ಬ್ರೌನ್, ಸ್ಟೀಫನ್ ಲೆವಿನ್‌ಸನ್ ಎಂಬವರು ೧೯೭೮ರಲ್ಲಿ ಪ್ರಕಟಿಸಿದ ವಿನಯವಿಚಾರದ ಪ್ರಬಂಧಕ್ಕೆ ಇಂಗ್ಲಿಷು, ಮೆಕ್ಸಿಕೋ ದೇಶದ ತ್ಸೆಲ್ಟಾಲ್ ಭಾಷೆಗಳ ಜತೆಗೆ ಕೊಯಮತ್ತೂರು ಪ್ರಾಂತದ ಹಳ್ಳಿಯ ತಮಿಳು ಆಧಾರವಾಗಿದೆ. ದ್ರಾವಿಡಭಾಷೆಯೊಂದರ ವಿನಯಕ್ರಮವು ಜಗತ್ತಿನ ವಿದ್ವಾಂಸರ ಚರ್ಚೆಗೆ ಹೀಗೆ ಬಂದುದು ಗಮನಾರ್ಹ.

ಬೋಧಕರಿಗೆ ಹೆಚ್ಚು ಉಪಯುಕ್ತವಾದ ವಿಭಾಗವನ್ನು ೧೯೮೩ರಲ್ಲಿ ಜೆನ್ನಿ ಥಾಮಸ್ ಎಂಬ ವಿದುಷಿಯು ಮಾಡಿದರು. ಅವರ ಪ್ರಕಾರ ಔಚಿತ್ಯಭಂಗವು ಎರಡು ಬಗೆ. ತನ್ನ ಭಾಷೆಯ ಉಕ್ತಿಯೊಂದರ ಬಲವನ್ನು ಪರಭಾಷೆಯ ಸಮಾನೋಕ್ತಿಗೆ ಆರೋಪಿಸುವುದರಿಂದ ಬರುವುದು ಮೊದಲನೆಯದು. ಸಮಾಜದ ನಡಾವಳಿಯನ್ನು ಕುರಿತ ಎಣಿಕೆ ಭಿನ್ನವಾದುದರಿಂದ ಬರುವುದು ಎರಡನೆಯದು. ಕನ್ನಡಿಗರ ವ್ಯವಹಾರದಿಂದ ಇವೆರಡಕ್ಕೂ ಉದಾಹರಣೆ ಕೊಡಬಹುದು. ಕನ್ನಡದಲ್ಲಿ ‘ತಾವು ಬರಬೇಕು’ ಎಂಬುದು ಆದರದ ಕರೆ. ಬಾಗಿಲಿಗೆ ಬಂದ ಅತಿಥಿಯನ್ನು ‘ಬರಬೇಕು, ಬರಬೇಕು’ ಎಂದೇ ಎದುರುಗೊಳ್ಳುತ್ತಾರೆ. ಇಲ್ಲಿಯ ‘ಬೇಕು’ ಪಾಣಿನಿಯ ಅಧೀಷ್ಟಕ್ಕೆ ಸೇರಿದ್ದು. ಅದನ್ನು ‘ಮಸ್ಟ್’ ಅಥವಾ ‘ಶುಡ್’ ಎಂಬ ಪದದಿಂದ ಇಂಗ್ಲಿಷಿಗೆ ತಂದು ‘ತಾವು ನನಗೆ ಎರಡು ದಿನ ರಜೆ ಕೊಡಬೇಕು’ ಎಂಬುದನ್ನು ಹಾಗೆಯೇ ಬರೆದರೆ ಬಿನ್ನಹವು ವಿಧಿಯಾಗಿ ಪರಿಣಮಿಸುತ್ತದೆ. ಬರೆದವನ ಮನಸ್ಸಿನಲ್ಲಿ ವಿನಯವಿದ್ದರೂ ಓದಿದವನಿಗೆ ಅಧಿಕಾರದ ಧ್ವನಿ ಕೇಳುತ್ತದೆ. ಎರಡನೆಯ ಬಗೆಗೆ ಕೃತಜ್ಞತೆಯ ಮಾತು ಉದಾಹರಣೆ. ಮನೆಯವರು ನೀರು ತಂದುಕೊಟ್ಟರೆ ಕನ್ನಡಿಗನು ವಂದನೆ ಹೇಳುವುದಿಲ್ಲ. ಹೇಳಿದರೆ ಹೊರಗಿನವರಂತೆ ಕಂಡಂತಾಗುತ್ತದೆ. ಇಂಗ್ಲಿಷಿನಲ್ಲಿ ಹೇಳದಿದ್ದರೆ ಒರಟುತನ. ಹೊರಟುನಿಂತವರನ್ನು ‘ಎಲ್ಲಿಗೆ’ ಎಂದು ಕೇಳಬಾರದೆಂಬುದೂ, ಹೊರಡುವವನು ‘ಹೋಗಿಬರುತ್ತೇನೆ’ ಎಂದೇ ಹೇಳಬೇಕೆಂಬುದೂ ಇದೇ ಜಾತಿಯ ನಿಯಮಗಳು. ಯಾವ ವ್ಯಾಕರಣವೂ ಇವನ್ನು ವಿಧಿಸಿಲ್ಲ.

ಮೊದಲ ಬಗೆಯ ದೋಷವನ್ನು ಉಪಾಧ್ಯಾಯನು ಭಾಷಾದೋಷದಂತೆ ತಿದ್ದಬಹುದು. ಎರಡನೆಯದನ್ನು ಹಾಗೆ ತಿದ್ದಲಾಗದು. ಅದು ಕಲಿಯುವವನ ಧರ್ಮಾಚಾರಗಳಿಗೂ ಅಭಿಮಾನಕ್ಕೂ ಸಂಬಂಧಿಸಿದ್ದು. ಪರರ ರೀತಿಯನ್ನು ತಿಳಿಸಿ, ಅನುಸರಿಸುವುದನ್ನೂ ಬಿಡುವುದನ್ನೂ ಅವನ ವಿವೇಚನೆಗೆ ಒಪ್ಪಿಸಬೇಕೆಂಬುದು ಥಾಮಸರ ಅಭಿಪ್ರಾಯದ ಸಾರ.

ಇದೇ ಕಾಲದಲ್ಲಿ ಬೆಂಗಳೂರಿನ ಹೆಸರಿನಿಂದಲೇ ಲೋಕಪ್ರಸಿದ್ಧವಾದ ಒಂದು ಪ್ರಯೋಗ ನಡೆಯಿತು. ೧೯೭೯ರಿಂದ ೧೯೮೪ರವರೆಗೆ ಎನ್. ಎಸ್. ಪ್ರಭು ಎಂಬವರ ನೇತೃತ್ವದಲ್ಲಿ ಬೆಂಗಳೂರಿನ ಪ್ರಾದೇಶಿಕ ಇಂಗ್ಲಿಷು ಸಂಸ್ಥೆಯ ಮತ್ತು ಮದರಾಸಿನ ಬ್ರಿಟಿಷ್ ಕೌನ್ಸಿಲಿನ ಸಹಾಯದಿಂದ ದಕ್ಷಿಣದ ಕೆಲವು ಶಾಲೆಗಳಲ್ಲಿ ಇದನ್ನು ನಡೆಸಿದರು. ರಚನೆಗಳ ಬಾಯಿಪಾಠವನ್ನು ಬಿಟ್ಟು, ರೈಲಿನ ವೇಳಾಪಟ್ಟಿಯನ್ನು ನೋಡಿ ಪ್ರಯಾಣವನ್ನು ಗೊತ್ತುಮಾಡುವುದು, ನಕ್ಷೆಯಿಂದ ದಾರಿಯನ್ನು ನಿರ್ಣಯಿಸುವುದು ಮುಂತಾದ ಕಾರ್ಯಗಳನ್ನು ಹುಡುಗರಿಂದ ಇಂಗ್ಲಿಷಿನಲ್ಲಿ ಮಾಡಿಸಿದರು. ಈ ಪ್ರಯೋಗವನ್ನು ಸಂಭಾಷಣೌಚಿತ್ಯದ ಬೋಧನೆಯೆಂದು ಹಲವರು ತಪ್ಪಾಗಿ ತಿಳಿದಿದ್ದಾರೆ. ತಮ್ಮ ಲಕ್ಷ್ಯವು ಸಾಮಾಜಿಕೌಚಿತ್ಯವಲ್ಲ, ಅರ್ಥದಲ್ಲಿ ಮನಸ್ಸು ತೊಡಗಿರುವಾಗ ವ್ಯಾಕರಣಶಕ್ತಿಯು ಒಳಗೇ ಬೆಳೆಯುವುದೆಂಬುದು ಎಂದು ಪ್ರಭುಗಳು ೧೯೮೭ರ ತಮ್ಮ ಗ್ರಂಥದಲ್ಲಿ ಸ್ಪಷ್ಟಪಡಿಸಿದ್ದಾರೆ. ಇಂಗ್ಲಿಷಿನಲ್ಲಿ ಮಾತನಾಡುವ ಪ್ರಸಂಗವೇ ಶಾಲೆಯ ಹೊರಗೆ ಅಪರೂಪವಾಗಿದ್ದ ಮಕ್ಕಳಿಗೆ ಆಂಗ್ಲರ ನಯೋಕ್ತಿಗಳನ್ನು ಉರುಹೊಡೆಸುವುದರಿಂದ ಪ್ರಯೋಜನವೇನೆಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ. ಆದರೆ ಆ ಮಕ್ಕಳು ಬೆಳೆದು ಉದ್ಯೋಗಕ್ಕೆ ಸೇರುವ ಹೊತ್ತಿಗೆ ಬೆಂಗಳೂರೇ ಬದಲಾಗಿತ್ತು.

೬

ಉಪಾಧ್ಯಾಯರ ಅಭಿಪ್ರಾಯವನ್ನು ನೇರವಾಗಿ ಪರೀಕ್ಷಿಸಿದ ಪ್ರಸಿದ್ಧ ಸಂಶೋಧನೆಯನ್ನು ೧೯೯೮ರಲ್ಲಿ ಕ್ಯಾಥ್ಲೀನ್ ಬಾರ್ಡೋವಿ-ಹಾರ್ಲಿಗ್, ಜೋಲ್ತಾನ್ ಡೋರ್ನ್ಯಿ ಎಂಬವರು ಪ್ರಕಟಿಸಿದರು. ಚಿತ್ರಮುದ್ರಿತವಾದ ಸಂಭಾಷಣೆಗಳನ್ನು ಹಂಗೆರಿಯಲ್ಲಿಯೂ ಅಮೆರಿಕದಲ್ಲಿಯೂ ಇಂಗ್ಲಿಷು ಕಲಿಯುವವರಿಗೆ ಮತ್ತು ಅವರ ಉಪಾಧ್ಯಾಯರಿಗೆ ತೋರಿಸಿ ಅವುಗಳಲ್ಲಿಯ ದೋಷಗಳ ಗುರುತ್ವವನ್ನು ಎಣಿಸಲು ಹೇಳಿದರು. ಹಂಗೆರಿಯ ವಿದ್ಯಾರ್ಥಿಗಳೂ ಉಪಾಧ್ಯಾಯರೂ ವ್ಯಾಕರಣದೋಷವನ್ನು ಹೆಚ್ಚು ಗುರುತರವೆಂದು ಎಣಿಸಿದರು. ಅಮೆರಿಕದಲ್ಲಿದ್ದವರು ಔಚಿತ್ಯದೋಷವನ್ನು ಗುರುತರವೆಂದರು. ಅನಂತರ ಝೆಕ್ ವಿದ್ಯಾರ್ಥಿಗಳ ನಡುವೆ ನಡೆದ ಇಂಥದೇ ಪರೀಕ್ಷೆಯೊಂದರಲ್ಲಿ ಫಲಿತಾಂಶವು ಇಷ್ಟು ಸರಳವಾಗಿರಲಿಲ್ಲ. ಆದುದರಿಂದ ದೇಶವೊಂದೇ ಕಾರಣವೆನ್ನಲಾಗದು. ಕಲಿಯುವವರ ಆಸಕ್ತಿಯೂ ಉಪಾಧ್ಯಾಯರು ಯಾವುದಕ್ಕೆ ಗಮನ ಸೆಳೆಯುತ್ತಾರೆಂಬುದೂ ಕಾರಣಗಳಾಗಿರಬೇಕು. ಗುರುವಿನ ಎಣಿಕೆಯೂ ಶಿಷ್ಯನ ಎಣಿಕೆಯೂ ಎರಡು ದೇಶಗಳಲ್ಲಿಯೂ ಒಂದೇ ದಿಕ್ಕಿನಲ್ಲಿದ್ದುದು ಇಲ್ಲಿ ಮುಖ್ಯವಾದ ಅಂಶ. ಗುರುವು ಕೆಂಪುಶಾಯಿಯಿಂದ ಗುರುತಿಸದ ದೋಷವು ಶಿಷ್ಯನಿಗೆ ದೋಷವಾಗಿ ಕಾಣುವುದು ಕಷ್ಟ.

ಔಚಿತ್ಯವನ್ನು ಕಲಿಸಬೇಕೆಂದು ತತ್ತ್ವತಃ ಒಪ್ಪಿದ ಉಪಾಧ್ಯಾಯರೂ ಕಾರ್ಯತಃ ಹಿಂಜರಿಯುತ್ತಾರೆ. ಅವರ ಆಕ್ಷೇಪಗಳನ್ನು ಪೂರ್ವಪಕ್ಷವಾಗಿ ಹೀಗೆ ಸಂಗ್ರಹಿಸಬಹುದು. ಪರೀಕ್ಷೆಯಲ್ಲಿ ಇದಕ್ಕೆ ಅಂಕಗಳಿಲ್ಲವೆಂಬುದು ಒಂದು. ಪಠ್ಯಪುಸ್ತಕದಲ್ಲಿ ಸಾಮಗ್ರಿಯಿಲ್ಲವೆಂಬುದು ಎರಡು. ತಮಗೇ ಇಂಗ್ಲಿಷರ ನಡಾವಳಿಯ ಪರಿಚಯವಿಲ್ಲವೆಂಬುದು ಮೂರು. ಆಂಗ್ಲರಲ್ಲದವರು ಆಂಗ್ಲರ ಆಚಾರವನ್ನು ಏಕೆ ಅನುಕರಿಸಬೇಕೆಂಬುದು ನಾಲ್ಕು.

ಇವುಗಳಲ್ಲಿ ಮೊದಲನೆಯದು ಅಧಿಕಾರಿಗಳಿಂದ ಪರಿಹಾರವಾಗತಕ್ಕದ್ದು. ಉಪಾಧ್ಯಾಯರ ಮೇಲೆ ಅದರ ಭಾರವನ್ನು ಹೊರಿಸುವುದು ನ್ಯಾಯವಲ್ಲ. ಎರಡನೆಯದು ನಿಜವೇ. ೨೦೦೪ರಲ್ಲಿ ಹೈಡಿ ವೆಲೆಂಗಾ ಎಂಬವರು ಇಂಗ್ಲಿಷು ಪಠ್ಯಪುಸ್ತಕಗಳನ್ನು ಪರೀಕ್ಷಿಸಿ, ಯಾವ ಉಕ್ತಿಯನ್ನು ಯಾರೊಡನೆ ಬಳಸಬೇಕೆಂಬ ವಿವರಣೆ ಅವುಗಳಲ್ಲಿ ಅತ್ಯಲ್ಪವೆಂದೂ, ಉಪಾಧ್ಯಾಯರು ಹೊರಗಿನಿಂದ ಸಾಮಗ್ರಿಯನ್ನು ತಂದು ಆ ಕೊರತೆಯನ್ನು ತುಂಬುವುದು ಅಪರೂಪವೆಂದೂ ತೋರಿಸಿದರು. ಬಿನ್ನವಿಸುವ ಉಕ್ತಿಗಳ ಪಟ್ಟಿಯನ್ನು ಕೊಟ್ಟು ಅವುಗಳ ತಾರತಮ್ಯವನ್ನು ಹೇಳದಿದ್ದರೆ, ಔಷಧಗಳ ಹೆಸರುಗಳನ್ನು ಕೊಟ್ಟು ರೋಗವನ್ನು ಹೇಳದಂತಾಗುತ್ತದೆ. ಮೂರನೆಯ ಮತ್ತು ನಾಲ್ಕನೆಯ ಆಕ್ಷೇಪಗಳಿಗೆ ಹೆಚ್ಚಿನ ವಿಚಾರ ಬೇಕು.

೭

ಔಚಿತ್ಯದ ಅಜ್ಞಾನದಿಂದ ಬರುವ ನಷ್ಟವನ್ನು ಜಾನ್ ಗಂಪರ್ಸ್ ಎಂಬ ಭಾಷಾಶಾಸ್ತ್ರಜ್ಞರು ೧೯೮೨ರ ತಮ್ಮ ಗ್ರಂಥದಲ್ಲಿ ಒಂದು ನಿದರ್ಶನದಿಂದ ತೋರಿಸಿದ್ದಾರೆ. ಬ್ರಿಟನ್ನಿನ ದೊಡ್ಡ ವಿಮಾನನಿಲ್ದಾಣವೊಂದರ ಊಟದ ಸಾಲೆಯಲ್ಲಿ ಭಾರತ ಪಾಕಿಸ್ತಾನಗಳಿಂದ ಹೋದ ಹೆಂಗಸರು ಬಡಿಸುವ ಕೆಲಸಕ್ಕೆ ಹೊಸದಾಗಿ ಸೇರಿದ್ದರು. ಅವರು ಸಿಡುಕರು, ಸಹಕರಿಸುವವರಲ್ಲ ಎಂದು ಮೇಲ್ವಿಚಾರಕರೂ ಉಣ್ಣಲು ಬರುತ್ತಿದ್ದ ಕೂಲಿಗಾರರೂ ದೂರಿದರು. ತಮ್ಮನ್ನು ಜನಾಂಗದ ಕಾರಣದಿಂ‌ದ ಕೀಳಾಗಿ ಕಾಣುತ್ತಾರೆಂದು ಹೆಂಗಸರು ನೊಂದಿದ್ದರು. ಸಂಭಾಷಣೆಯನ್ನು ಧ್ವನಿಮುದ್ರಿಸಿ ಪರೀಕ್ಷಿಸಿದಾಗ ಕಾರಣವು ಒಂದು ಪದದ ಸ್ವರದಲ್ಲಿ ಕಂಡಿತು. ಮಾಂಸಕ್ಕೆ ಸಾರು ಬೇಕೆ ಎಂದು ಕೇಳುವಾಗ ಆಂಗ್ಲಸ್ತ್ರೀಯು ‘ಗ್ರೇವಿ’ ಎಂಬ ಪದವನ್ನು ಏರುಸ್ವರದಿಂದ ಹೇಳುವಳು. ಈ ಹೆಂಗಸರು ಇಳಿಸ್ವರದಿಂದ ಹೇಳುತ್ತಿದ್ದರು. ಇವರಿಗೆ ಅದು ಸಹಜವಾದ ಪ್ರಶ್ನೆ. ಕೇಳಿದವರಿಗೆ ‘ಇದು ಸಾರು, ಬೇಕಾದರೆ ತೆಗೆದುಕೊ’ ಎಂಬ ತಾತ್ಸಾರ. ಧ್ವನಿಮುದ್ರಿಕೆಯನ್ನು ಕೇಳಿಸಿ ಚರ್ಚಿಸಿದ ಮೇಲೆ ಹೆಂಗಸರಿಗೆ ತಮ್ಮನ್ನು ಅನ್ಯಥಾ ತಿಳಿದುಕೊಂಡ ಬಗೆ ಅರ್ಥವಾಯಿತು. ಮೇಲ್ವಿಚಾರಕರಿಗೂ ಅವರ ಮನಸ್ಸಿನಲ್ಲಿ ಅವಿನಯವಿರಲಿಲ್ಲವೆಂಬುದು ತಿಳಿಯಿತು. ಅರ್ಥನಿರ್ಣಾಯಕಗಳಲ್ಲಿ ಸ್ವರವೂ ಒಂದೆಂದು ಭರ್ತೃಹರಿಯು ಗಣಿಸಿರುವುದನ್ನೂ, ಅದು ವೇದದಲ್ಲಿ ಮಾತ್ರ ಉಪಯುಕ್ತವೆಂದು ಆಲಂಕಾರಿಕರು ಬಿಟ್ಟುದನ್ನೂ ಇಲ್ಲಿ ಸ್ಮರಿಸಬಹುದು. ಈ ಊಟದ ಸಾಲೆಯಲ್ಲಿ ಸ್ವರವು ಲೋಕವ್ಯವಹಾರದಲ್ಲಿಯೂ ನಿರ್ಣಾಯಕವಾಯಿತು. ನಿರ್ಣೀತವಾದುದು ಬಡ ಹೆಂಗಸರ ಮಾನ ಮತ್ತು ಜೀವನೋಪಾಯ.

ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಬೆಂಗಳೂರಿನಲ್ಲಿ ದೂರವಾಣಿಯಿಂದ ಅನ್ಯದೇಶದ ಗಿರಾಕಿಗಳಿಗೆ ಉತ್ತರ ಕೊಡುವ ಕಾಲ್ ಸೆಂಟರುಗಳು ಬೆಳೆದಾಗ ಇದೇ ಪ್ರಶ್ನೆ ಬೇರೊಂದು ರೂಪದಲ್ಲಿ ಎದ್ದಿತು. ಅಲ್ಲಿ ಸೇರಿದ ಯುವಕಯುವತಿಯರಿಗೆ ಪರದೇಶದ ಉಚ್ಚಾರವನ್ನೂ ನಯೋಕ್ತಿಗಳನ್ನೂ ಕಲಿಸಿದರು. ಹಲವು ಕಡೆ ಪಾಶ್ಚಾತ್ಯ ಹೆಸರುಗಳನ್ನೂ ಇಡಿಸಿದರು. ಶಾಲೆಯು ಕಲಿಸದೆ ಬಿಟ್ಟ ಔಚಿತ್ಯವನ್ನು ವ್ಯಾಪಾರವು ಕಲಿಸಿತು. ಆದರೆ ಅದು ಕಲಿಸಿದುದು ಮತ್ತೆ ಒಂದೇ ಸಂಬಂಧವನ್ನು. ಹತ್ತೊಂಬತ್ತನೆಯ ಶತಮಾನದಲ್ಲಿ ಅಧಿಕಾರಿಯ ಮುಂದೆ ಅರ್ಜಿದಾರನು ನಿಂತಿದ್ದ ಸ್ಥಾನದಲ್ಲಿ ಈಗ ಗಿರಾಕಿಯ ಮುಂದೆ ನೌಕರನು ನಿಂತನು. ವಾದಿಸುವುದು, ನಯವಾಗಿ ನಿರಾಕರಿಸುವುದು, ಅವಮಾನವನ್ನು ಮರ್ಯಾದೆಯಿಂದಲೇ ಪ್ರತಿಭಟಿಸುವುದು, ಸಮಾನರೊಡನೆ ಸರಸವಾಡುವುದು ಇವೆಲ್ಲ ಔಚಿತ್ಯದ ಅಂಗಗಳೇ ಆದರೂ ಅವುಗಳಿಗೆ ಪಾಠವಿರಲಿಲ್ಲ.

ನಾಲ್ಕನೆಯ ಆಕ್ಷೇಪಕ್ಕೆ ಇಲ್ಲಿಯೇ ಸಮಾಧಾನವಿದೆ. ಔಚಿತ್ಯಬೋಧನೆಯು ಅನುಕರಣವನ್ನು ವಿಧಿಸುವುದಾದರೆ ಆಕ್ಷೇಪವು ಸಾಧುವೇ. ಇಂಗ್ಲಿಷು ಆಂಗ್ಲರೊಬ್ಬರ ಸೊತ್ತಲ್ಲವೆಂದು ಹೆನ್ರಿ ವಿಡ್ಡೋಸನ್ನರು ೧೯೯೪ರಲ್ಲಿ ವಾದಿಸಿದರು. ಭಾರತೀಯರ ಇಂಗ್ಲಿಷಿಗೆ ಅದರದೇ ಆದ ರೀತಿನೀತಿಗಳುಂಟೆಂದು ಬ್ರಜ್ ಕಚ್ರು ಅವರು ಅದಕ್ಕೂ ಮುಂಚಿನಿಂದ ಪ್ರತಿಪಾದಿಸುತ್ತಿದ್ದರು. ಮೈಸೂರಿನವನೂ ಕಲ್ಕತ್ತೆಯವನೂ ಇಂಗ್ಲಿಷಿನಲ್ಲಿ ಮಾತನಾಡುವಾಗ ಲಂಡನ್ನಿನ ಔಚಿತ್ಯವು ಪ್ರಮಾಣವಾಗಬೇಕಿಲ್ಲ. ಆದರೆ ತಿಳಿದು ಬಿಡುವುದಕ್ಕೂ ತಿಳಿಯದೆ ತಪ್ಪುವುದಕ್ಕೂ ಮಹದಂತರವುಂಟು. ತನ್ನ ಮಾತು ಪರರಿಗೆ ಹೇಗೆ ಕೇಳಿಸುವುದೆಂಬುದನ್ನು ಬಲ್ಲವನು ಮಾತ್ರ ಅದನ್ನು ಹಾಗೆಯೇ ಇಡಲೂ ಬದಲಿಸಲೂ ಸ್ವತಂತ್ರನು.

ಮೂರನೆಯ ಆಕ್ಷೇಪವು ಉಪಾಧ್ಯಾಯರ ವಿನಯದಿಂದ ಬಂದುದು. ಆದರೆ ಅದು ಪೂರ್ತಿಯಾಗಿ ಸರಿಯಲ್ಲ. ನೀನು, ನೀವು, ತಾವು ಎಂಬ ಮೂರು ಮೆಟ್ಟಿಲುಗಳನ್ನೂ ಕೊಡು, ಕೊಡಿ, ಕೊಡುವಿರಾ, ಕೊಡಬೇಕು, ದಯಪಾಲಿಸಬೇಕು ಎಂಬ ಕ್ರಿಯಾಪರಂಪರೆಯನ್ನೂ ದಿನವೂ ಪ್ರಯೋಗಿಸುವ ಕನ್ನಡಿಗನಾದ ಉಪಾಧ್ಯಾಯನು ಔಚಿತ್ಯವನ್ನು ಅರಿಯದವನಲ್ಲ. ಇಂಗ್ಲಿಷಿನಲ್ಲಿ ಸರ್ವನಾಮವು ಒಂದೇ ಆದುದರಿಂದ ಅದೇ ಕೆಲಸವನ್ನು ‘ಕ್ಯಾನ್’, ‘ಕುಡ್’, ‘ವುಡ್’ ಮೊದಲಾದ ಸಹಾಯಕ್ರಿಯೆಗಳೂ, ಪ್ರಶ್ನಾರೂಪವೂ, ಮಾತಿನ ಬಳಸುದಾರಿಯೂ ಮಾಡುತ್ತವೆಂಬುದನ್ನು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ತೋರಿಸಲು ಅವನೇ ಸಮರ್ಥನು. ಕನ್ನಡವನ್ನರಿಯದ ಆಂಗ್ಲನಿಗೆ ‘ಮಸ್ಟ್’ ಎಂದು ಬರೆದ ಹುಡುಗನ ಮನಸ್ಸಿನಲ್ಲಿ ‘ಬೇಕು’ ಎಂಬ ಆದರವಿತ್ತೆಂಬುದು ಹೊಳೆಯುವುದಿಲ್ಲ. ಕನ್ನಡದ ಉಪಾಧ್ಯಾಯನಿಗೆ ಹೊಳೆಯುತ್ತದೆ.

ಯಾವ ಬೋಧನಕ್ರಮವೂ ಸರ್ವೋತ್ತಮವಲ್ಲ, ಉಪಾಧ್ಯಾಯನ ಅಂತರಂಗದಲ್ಲಿ ಜೀವಂತವಾಗಿರುವ ಬೋಧನಾಪ್ರತ್ಯಯವೇ ಪಾಠಕ್ಕೆ ಬಲವೆಂದು ಪ್ರಭುಗಳು ೧೯೯೦ರಲ್ಲಿ ಬರೆದರು. ಪ್ರಯೋಗೌಚಿತ್ಯದ ವಿಷಯದಲ್ಲಿ ಆ ಪ್ರತ್ಯಯವು ಉಪಾಧ್ಯಾಯರಲ್ಲಿ ಹಿಂದಿನಿಂದಲೂ ಇದ್ದಿತು. ಅರ್ಜಿಯ ಮುಕ್ತಾಯವನ್ನು ತಿದ್ದಿದವರೂ, ಹುಡುಗನ ಒರಟುಮಾತನ್ನು ಗದರಿಸಿದವರೂ ಅದನ್ನೇ ಬೋಧಿಸುತ್ತಿದ್ದರು. ಅದಕ್ಕೆ ಒಂದು ಹೆಸರೂ ಒಂದು ಕ್ರಮವೂ ಇಲ್ಲದುದರಿಂದ ಅದು ವಿನಯದ ಶಿಕ್ಷೆಯಾಗಿ ಉಳಿಯಿತು, ವಿದ್ಯೆಯಾಗಿ ಬೆಳೆಯಲಿಲ್ಲ. ಒಂದು ವಾಕ್ಯವನ್ನು ಕಲಿಸಿದ ದಿನವೇ ಅದನ್ನು ಯಾರು ಯಾರಿಗೆ ಹೇಳಬಹುದು, ಯಾರಿಗೆ ಹೇಳಬಾರದು, ಕನ್ನಡದಲ್ಲಿ ಅದೇ ಸಂದರ್ಭಕ್ಕೆ ಯಾವ ಮಾತು ಸಲ್ಲುತ್ತದೆ ಎಂಬ ಮೂರು ಪ್ರಶ್ನೆಗಳನ್ನು ತರಗತಿಯಲ್ಲಿ ಕೇಳುವುದಕ್ಕೆ ಹೊಸ ಪುಸ್ತಕವಾಗಲಿ ಸರಕಾರದ ಆಜ್ಞೆಯಾಗಲಿ ಬೇಕಾಗಿಲ್ಲ. ಪಾಣಿನಿಯು ಒಂದು ಲಕಾರದೊಳಗೆ ಬಿಡಿಸಿಟ್ಟ ಆರು ವ್ಯವಹಾರಗಳಿಂದಲೇ ಆ ಪಾಠವನ್ನು ಆರಂಭಿಸಬಹುದು.